ಕಣ್ಣಿನ ಪಾಠಕ್ಕೆ ಬಂತು ವಿಡಿಯೋ: ಕಲಿಯೋದು ಮೆಡಿಕಲ್ ವಿದ್ಯಾರ್ಥಿ, ಲಾಭ ಯಾರಿಗೆ?

ಬೆಂಗಳೂರು ಪಶ್ಚಿಮ: ಮೆಡಿಕಲ್ ಓದುವ ಹುಡುಗರು ಕ್ಯಾಂಟೀನಿನಲ್ಲಿ ಮೊಬೈಲ್ ಹಿಡಿದು ಕೂತಿದ್ದರೆ ರೀಲ್ಸ್ ನೋಡ್ತಿದ್ದಾರೆ ಅಂತಲೇ ತಿಳಿಯಬೇಕಿಲ್ಲ. ಆ ಸ್ಕ್ರೀನಿನಲ್ಲಿ ಯಾರದೋ ಕಣ್ಣಿನ ಪೊರೆ ತೆಗೆಯುವ ಆಪರೇಷನ್ ಓಡುತ್ತಿರಬಹುದು. ಕಣ್ಣಿನ ವೈದ್ಯಕೀಯ ಕಲಿಸುವ ರೀತಿಯೇ ಈಗ ಬದಲಾಗಿದೆ. ಪುಸ್ತಕ, ಕಪ್ಪು ಹಲಗೆ, ಮೇಷ್ಟ್ರ ಮಾತು ಇವುಗಳ ಜೊತೆಗೆ ವಿಡಿಯೋ ಕೂಡ ಪಾಠದ ಸಾಮಾನಾಗಿದೆ.

ಇದು ಡಾಕ್ಟರುಗಳ ವಿಷಯ, ನಮಗೇನು ಅಂತ ಬಿಡುವಂತಿಲ್ಲ. ರಾಜಾಜಿನಗರದಲ್ಲಿ ಇಎಸ್‌ಐ ಮೆಡಿಕಲ್ ಕಾಲೇಜು ಇದೆ. ಮೈಸೂರು ರಸ್ತೆಯ ಕಂಬೀಪುರದಲ್ಲಿ ರಾಜರಾಜೇಶ್ವರಿ ಮೆಡಿಕಲ್ ಕಾಲೇಜು, ಕೆಂಗೇರಿ ಕಡೆ ಬಿಜಿಎಸ್ ಗ್ಲೋಬಲ್ ಕಾಲೇಜು ಇವೆ. ಕಾರ್ಡ್ ರೋಡಿನಲ್ಲಿ ನಾರಾಯಣ ನೇತ್ರಾಲಯ ಇದೆ. ಇಂಥ ಕಡೆ ಓದಿ ಹೊರಬರುವವರಲ್ಲಿ ಎಷ್ಟೋ ಮಂದಿ ನಾಳೆ ನಮ್ಮ ವಿಜಯನಗರ, ಬಸವೇಶ್ವರನಗರದ ಕ್ಲಿನಿಕ್‌ಗಳಲ್ಲಿ ಕೂರುವವರು. ಕಣ್ಣು ಕೆಂಪಾಯಿತು ಅಂತ ಹೋದಾಗ ಮೊದಲು ಟಾರ್ಚ್ ಬಿಟ್ಟು ನೋಡುವವರು ಅವರೇ. ಅವರು ಕಣ್ಣನ್ನು ಹೇಗೆ ಕಲಿತರು ಅನ್ನೋದರ ಮೇಲೆ ನಮ್ಮ ನೋಟ ನಿಂತಿದೆ.

ಒಬ್ಬರಿಗೆ ಮಾತ್ರ ಕಾಣುತ್ತಿದ್ದ ಕಣ್ಣು

ಹೊಟ್ಟೆಯ ಆಪರೇಷನ್ ಆದರೆ ಸುತ್ತ ನಿಂತ ನಾಲ್ಕೈದು ಜನಕ್ಕಾದರೂ ಏನು ನಡೆಯುತ್ತಿದೆ ಅಂತ ಕಾಣುತ್ತದೆ. ಕಣ್ಣು ಹಾಗಲ್ಲ. ದೊಡ್ಡವರ ಕಣ್ಣುಗುಡ್ಡೆಯ ಅಳತೆ ಸುಮಾರು 24 ಮಿಲಿಮೀಟರ್. ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು ಅಷ್ಟೇ. ಅದರ ಮುಂಭಾಗದ ಪಾರದರ್ಶಕ ಪದರ ಕಾರ್ನಿಯಾ, ನಡುವಿನಲ್ಲಿ ಅರ್ಧ ಮಿಲಿಮೀಟರ್ ದಪ್ಪ. ಪೊರೆ ಆಪರೇಷನ್‌ನಲ್ಲಿ ಹರಿಯದಂತೆ ಉಳಿಸಿಕೊಳ್ಳಬೇಕಾದ ಹಿಂದಿನ ತೆಳು ಚೀಲವಂತೂ ತಲೆಗೂದಲಿನ ಹತ್ತನೇ ಒಂದು ಪಾಲಿಗಿಂತಲೂ ತೆಳು.

ಇಷ್ಟು ಚಿಕ್ಕ ಜಾಗವನ್ನು ನೋಡಲು ಉಪಕರಣ ಬೇಕು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಆಫ್ತಾಲ್ಮೋಸ್ಕೋಪ್ ಬಗ್ಗೆ ಪ್ರಕಟಿಸಿದ ಮೇಲೆ ಬದುಕಿರುವ ಮನುಷ್ಯನ ಕಣ್ಣಿನ ಹಿಂಭಾಗದ ರೆಟಿನಾವನ್ನು ವೈದ್ಯರು ಸರಿಯಾಗಿ ನೋಡುವಂತಾಯಿತು. ಆಮೇಲೆ 1911ರಲ್ಲಿ ಸ್ವೀಡನ್ನಿನ ಗುಲ್‌ಸ್ಟ್ರಾಂಡ್ ಸ್ಲಿಟ್ ಲ್ಯಾಂಪ್ ತಂದರು. ಗದ್ದ ಊರಿ, ಹಣೆ ಒತ್ತಿ ಕೂರಿಸಿ, ಸಣ್ಣ ಬೆಳಕಿನ ಗೆರೆ ಬಿಟ್ಟು ನೋಡುತ್ತಾರಲ್ಲ, ಅದೇ ಯಂತ್ರ.

ಆದರೆ ಈ ಎರಡರಲ್ಲೂ ಒಂದು ತೊಡಕಿತ್ತು. ನೋಡುವವರು ಒಬ್ಬರೇ. ಮೇಷ್ಟ್ರು ನೋಡಿ, "ಇಲ್ಲಿ ನರದ ತುದಿ ಬಿಳಿಚಿಕೊಂಡಿದೆ, ನೋಡಿ" ಅಂತ ಎದ್ದು ಜಾಗ ಬಿಡಬೇಕು. ವಿದ್ಯಾರ್ಥಿ ಬಂದು ಕೂತಾಗ ರೋಗಿ ಕಣ್ಣು ಆಡಿಸಿರುತ್ತಾರೆ. ವಿದ್ಯಾರ್ಥಿಗೆ ಕಂಡದ್ದು ಬರೀ ಕೆಂಪು. "ಕಾಣ್ತಾ?" ಅಂದರೆ "ಕಾಣ್ತು ಸರ್" ಅಂತ ತಲೆ ಆಡಿಸೋದು. ನಿಜವಾಗಿ ಕಂಡಿತೋ ಇಲ್ಲವೋ ಮೇಷ್ಟ್ರಿಗೂ ಗೊತ್ತಾಗುತ್ತಿರಲಿಲ್ಲ. ಇನ್ನು ಹಿಂದೆ ಸಾಲು ನಿಂತವರ ಕಥೆ ಬೇಡ. ರೋಗಿಯ ಕಣ್ಣಿಗೆ ಅಷ್ಟು ಹೊತ್ತು ಬೆಳಕು ಬಿಡೋದೂ ಹಿಂಸೆಯೇ.

ಕ್ಯಾಮೆರಾ ಈ ತೊಡಕನ್ನು ತೆಗೆಯಿತು. ಆಪರೇಷನ್ ಮೈಕ್ರೋಸ್ಕೋಪಿನ ಒಳಗೆ ಬೆಳಕನ್ನು ಎರಡು ಪಾಲು ಮಾಡುವ ಗಾಜಿನ ತುಂಡೊಂದು ಇರುತ್ತದೆ. ಒಂದು ಪಾಲು ಸರ್ಜನ್ ಕಣ್ಣಿಗೆ, ಇನ್ನೊಂದು ಪಾಲು ಕ್ಯಾಮೆರಾಕ್ಕೆ. ಅಲ್ಲಿಂದ ಗೋಡೆಯ ಟಿವಿಗೆ, ಬೇಕಾದರೆ ಕ್ಲಾಸ್‌ರೂಮಿನ ಪರದೆಗೆ. ಸರ್ಜನ್ ನೋಡುತ್ತಿರುವುದನ್ನೇ ನೂರು ಜನ ಒಟ್ಟಿಗೆ ನೋಡಬಹುದು. ಸ್ಲಿಟ್ ಲ್ಯಾಂಪಿಗೂ ಹೀಗೆಯೇ ಕ್ಯಾಮೆರಾ ಕೂರಿಸುತ್ತಾರೆ. ಈಗ ಮೊಬೈಲನ್ನೇ ಅದರ ಕಣ್ಣಳತೆಗೆ ಹಿಡಿದು ರೆಕಾರ್ಡ್ ಮಾಡುವ ಕ್ಲಿಪ್‌ಗಳೂ ಬಂದಿವೆ.

ಫೋಟೋ ಸಾಕಲ್ಲವೇ, ವಿಡಿಯೋ ಯಾಕೆ?

ಕೆಲವು ರೋಗಗಳು ಫೋಟೋದಲ್ಲಿ ಕಾಣುತ್ತವೆ. ಕೆಲವು ಕಣ್ಣು ಅಲುಗಾಡಿದಾಗ ಮಾತ್ರ ಕಾಣುತ್ತವೆ. ಒಂದೆರಡು ಉದಾಹರಣೆ ನೋಡಿ.

ಟಾರ್ಚ್ ಬಿಟ್ಟಾಗ ಕಣ್ಣಿನ ಪಾಪೆ ಚಿಕ್ಕದಾಗಬೇಕು. ವೈದ್ಯರು ಟಾರ್ಚನ್ನು ಒಂದು ಕಣ್ಣಿಂದ ಇನ್ನೊಂದಕ್ಕೆ ಆಚೀಚೆ ತೂಗಿದ ಹಾಗೆ ಬೀಸಿ ನೋಡುತ್ತಾರೆ. ಒಂದು ಕಡೆಯ ಕಣ್ಣಿನ ನರ ಕೆಟ್ಟಿದ್ದರೆ, ಬೆಳಕು ಆ ಕಣ್ಣಿಗೆ ಬಂದಾಗ ಪಾಪೆ ಕುಗ್ಗುವ ಬದಲು ಅರಳುತ್ತದೆ. ಕ್ಷಣಮಾತ್ರದ ಆಟ ಅದು. ಪುಸ್ತಕದಲ್ಲಿ ಹತ್ತು ಸಾಲು ಓದಿದರೂ ತಲೆಗೆ ಹತ್ತದ್ದು, ಅರ್ಧ ನಿಮಿಷದ ವಿಡಿಯೋದಲ್ಲಿ ಹತ್ತುತ್ತದೆ. ನಿಧಾನ ಮಾಡಿ, ಹಿಂದೆ ಎಳೆದು, ಮತ್ತೆ ನೋಡಬಹುದು.

ಮೆಳ್ಳಗಣ್ಣು ಪರೀಕ್ಷೆಯೂ ಹಾಗೇ. ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಎತ್ತ ಸರಿಯುತ್ತದೆ ಅಂತ ನೋಡಬೇಕು. ಮಕ್ಕಳಂತೂ ಒಂದು ಕಡೆ ಕೂರೋದೇ ಇಲ್ಲ. ಮಗು ಒಮ್ಮೆ ಸಹಕರಿಸಿದಾಗ ಹಿಡಿದ ವಿಡಿಯೋ ಮುಂದಿನ ಹತ್ತು ಬ್ಯಾಚ್‌ಗೆ ಪಾಠ ಆಗುತ್ತದೆ. ಮಗುವನ್ನು ಮತ್ತೆ ಮತ್ತೆ ಕಾಡಿಸುವ ಅಗತ್ಯ ಇರುವುದಿಲ್ಲ. ಕಣ್ಣುಗುಡ್ಡೆ ತಾನಾಗಿ ತುಯ್ದಾಡುವ ತೊಂದರೆ, ರೆಪ್ಪೆ ಸಂಜೆ ಹೊತ್ತಿಗೆ ಜೋತು ಬೀಳುವ ತೊಂದರೆ, ಇವೆಲ್ಲ ಚಲನೆಯಲ್ಲೇ ಗೊತ್ತಾಗುವಂಥವು.

ಇನ್ನೊಂದು ಲಾಭ, ಅಪರೂಪದ ರೋಗ. ವಿದ್ಯಾರ್ಥಿಗೆ ಕಣ್ಣಿನ ವಿಭಾಗದಲ್ಲಿ ಸಿಗೋದು ಕೆಲವೇ ವಾರ. ಎಂಬಿಬಿಎಸ್‌ನಲ್ಲಿ ಕಣ್ಣು ಮೂರನೇ ಹಂತದ ವಿಷಯ. ಆಮೇಲೆ ಇಂಟರ್ನ್‌ಶಿಪ್‌ನಲ್ಲಿ ಸುಮಾರು ಎರಡು ವಾರ. ಆ ದಿನಗಳಲ್ಲಿ ಎಲ್ಲ ಥರದ ರೋಗಿ ಬರ್ತಾರೆ ಅನ್ನೋ ಗ್ಯಾರಂಟಿ ಇಲ್ಲ. ಮಗುವಿನ ಪಾಪೆ ಫೋಟೋದಲ್ಲಿ ಬೆಕ್ಕಿನ ಕಣ್ಣಿನ ಹಾಗೆ ಬೆಳ್ಳಗೆ ಹೊಳೆದರೆ ಅದು ಕಣ್ಣಿನ ಕ್ಯಾನ್ಸರ್ ಇರಬಹುದು. ಸಾಮಾನ್ಯ ವೈದ್ಯರು ಇಂಥದ್ದನ್ನು ನೋಡುವುದು ತೀರಾ ಅಪರೂಪ. ಆದರೆ ಎದುರು ಬಂದ ದಿನ ಗುರುತು ಹಿಡಿಯಲೇಬೇಕು. ವಿಡಿಯೋದಲ್ಲಾದರೂ ನೋಡಿದ್ದವರಿಗೆ ಆಗ ಹೊಳೆಯುತ್ತದೆ.

2020ರ ಕೊರೊನಾ ಲಾಕ್‌ಡೌನ್ ಈ ಬದಲಾವಣೆಗೆ ಜೋರು ಕೊಟ್ಟಿತು. ಕಾಲೇಜು ಮುಚ್ಚಿದವು. ತುರ್ತಲ್ಲದ ಪೊರೆ ಆಪರೇಷನ್‌ಗಳು ನಿಂತವು. ಮೇಷ್ಟ್ರುಗಳು ಹಳೆಯ ರೆಕಾರ್ಡಿಂಗ್‌ಗಳನ್ನು ಹುಡುಕಿ ತೆಗೆದು ಆನ್‌ಲೈನ್ ಕ್ಲಾಸ್ ನಡೆಸಿದರು. ಅದಕ್ಕೂ ಮುಂಚೆಯೇ ದಾರಿ ಇತ್ತು. ಆರ್ಬಿಸ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ವಿಮಾನದೊಳಗೇ ಕಣ್ಣಿನ ಆಸ್ಪತ್ರೆ ಇಟ್ಟುಕೊಂಡು ದೇಶ ದೇಶ ಸುತ್ತಿ ವೈದ್ಯರಿಗೆ ತರಬೇತಿ ಕೊಡುತ್ತದೆ. ಅದೇ ಸಂಸ್ಥೆ 2003ರಿಂದ ಸೈಬರ್‌ಸೈಟ್ ಹೆಸರಿನಲ್ಲಿ ಇಂಟರ್ನೆಟ್ ಮೂಲಕವೂ ಕಲಿಸುತ್ತಿದೆ. ಈಗ ಯೂಟ್ಯೂಬ್‌ನಲ್ಲೂ ಕಣ್ಣಿನ ಆಪರೇಷನ್‌ಗಳ ರಾಶಿಯೇ ಇದೆ.

ನಮ್ಮ ಕಾರ್ಡ್ ರೋಡಿನ ಎರಡು ಉದಾಹರಣೆ

ಚಿತ್ರ ಹಿಡಿದು ಕಳಿಸಿದರೆ ಏನು ಸಾಧ್ಯ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ಡಾ. ಕೆ. ಭುಜಂಗ ಶೆಟ್ಟಿ ಅವರು ಕಟ್ಟಿದ ರಾಜಾಜಿನಗರದ ನಾರಾಯಣ ನೇತ್ರಾಲಯದಲ್ಲಿ 2008ರಲ್ಲಿ ಕಿಡ್ರಾಪ್ ಅನ್ನುವ ಯೋಜನೆ ಶುರುವಾಯಿತು. ಅದರ ಮುಂದಾಳು ಡಾ. ಆನಂದ್ ವಿನೇಕರ್. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ರೆಟಿನಾದ ರಕ್ತನಾಳ ಅಡ್ಡಾದಿಡ್ಡಿ ಬೆಳೆದು ಕಣ್ಣೇ ಹೋಗುವ ಅಪಾಯ ಇರುತ್ತದೆ. ಹುಟ್ಟಿ ಒಂದು ತಿಂಗಳೊಳಗೆ ಕಣ್ಣಿನ ಒಳಗೆ ನೋಡಬೇಕು. ಆದರೆ ಅದನ್ನು ನೋಡಿ ಹೇಳಬಲ್ಲ ತಜ್ಞರು ಹೊರ ಜಿಲ್ಲೆಗಳಲ್ಲಿ ಸಿಗೋದು ಕಷ್ಟ.

ಕಿಡ್ರಾಪ್ ಏನು ಮಾಡಿತು ಅಂದರೆ, ವೈದ್ಯರಲ್ಲದ ಟೆಕ್ನೀಷಿಯನ್‌ಗಳಿಗೆ ತರಬೇತಿ ಕೊಟ್ಟಿತು. ಅವರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗೇ ಹೋಗಿ, ಕೂಸಿನ ಕಣ್ಣಿನ ಚಿತ್ರ ತೆಗೆಯುತ್ತಾರೆ. ಚಿತ್ರ ಬೆಂಗಳೂರಿನ ತಜ್ಞರ ಮೊಬೈಲಿಗೆ ಬರುತ್ತದೆ. ಯಾವ ಕೂಸಿಗೆ ತುರ್ತು, ಯಾವುದಕ್ಕೆ ಮತ್ತೆ ತಪಾಸಣೆ ಸಾಕು ಅಂತ ವಿಂಗಡಿಸುವುದನ್ನೂ ಟೆಕ್ನೀಷಿಯನ್‌ಗಳಿಗೆ ಕಲಿಸಿದರು. ನೂರಾರು ಕಣ್ಣಿನ ಚಿತ್ರ ನೋಡಿ ನೋಡಿ ಬಂದ ಅನುಭವ ಅದು. ಇಂಥ ಕಡೆ ಬಳಕೆಗೆ ಬರುವ ಕ್ಯಾಮೆರಾಗಳು ನಮ್ಮ ಬೆಂಗಳೂರಿನಲ್ಲೇ ತಯಾರಾಗುತ್ತಿವೆ. ಫೋರಸ್ ಹೆಲ್ತ್ ಕಂಪನಿಯ 'ತ್ರಿನೇತ್ರ', ರೆಮಿಡಿಯೋ ಕಂಪನಿಯ ಮೊಬೈಲ್ ಜೋಡಿಸುವ ರೆಟಿನಾ ಕ್ಯಾಮೆರಾ ಇದಕ್ಕೆ ಉದಾಹರಣೆ.

ಎರಡನೆಯದು ಎಲ್ಲರಿಗೂ ನೆನಪಿರುವ ವಿಷಯ. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಿದ್ದು ಇದೇ ಆಸ್ಪತ್ರೆಯ ಡಾ. ರಾಜಕುಮಾರ್ ನೇತ್ರ ಬ್ಯಾಂಕ್‌ಗೆ. 1994ರಲ್ಲಿ ಡಾ. ರಾಜ್ ಅವರೇ ಉದ್ಘಾಟಿಸಿದ ಬ್ಯಾಂಕ್ ಇದು. ಎರಡು ಕಣ್ಣಿನಿಂದ ನಾಲ್ವರಿಗೆ ನೋಟ ಹೇಗೆ ಬಂತು ಅಂತ ಆಗ ಅಂಗಡಿ ಅಂಗಡಿಯಲ್ಲೂ ಕೇಳುತ್ತಿದ್ದರು. ಉತ್ತರ ಇಷ್ಟೇ: ಆ ಅರ್ಧ ಮಿಲಿಮೀಟರ್ ದಪ್ಪದ ಕಾರ್ನಿಯಾವನ್ನೇ ಮುಂಪದರ, ಹಿಂಪದರ ಅಂತ ಬಿಡಿಸಿದರು. ಮುಂಪದರ ಕೆಟ್ಟವರಿಗೆ ಮುಂಪದರ, ಹಿಂಪದರ ಕೆಟ್ಟವರಿಗೆ ಹಿಂಪದರ ಹಾಕಿದರು. ಇದನ್ನು ಮಾತಿನಲ್ಲಿ ಹೇಳೋದು ಸುಲಭ. ಅರ್ಧ ಮಿಲಿಮೀಟರಿನೊಳಗೆ ಪದರ ಬಿಡಿಸುವ ಕೈಚಳಕವನ್ನು ಬರೀ ಮಾತಿನಿಂದ ಕಲಿಸೋಕೆ ಆಗದು. ಮೈಕ್ರೋಸ್ಕೋಪಿನ ವಿಡಿಯೋ ಬೇಕಾಗುವುದು ಇಂಥಲ್ಲೇ.

ವಿಡಿಯೋ ನೋಡಿದರೆ ಡಾಕ್ಟರ್ ಆಗ್ತಾರಾ?

ಆಗೋದಿಲ್ಲ. ದೋಸೆ ಹುಯ್ಯುವ ವಿಡಿಯೋ ನೂರು ಸಲ ನೋಡಿದರೂ ಮೊದಲ ದೋಸೆ ಕಾವಲಿಗೆ ಅಂಟಿಕೊಳ್ಳುತ್ತದೆ. ಕಣ್ಣಿನಲ್ಲಿ ಮೊದಲ ದೋಸೆ ಕೆಟ್ಟರೆ ನಡೆಯೋದಿಲ್ಲ.

ವಿಡಿಯೋದ ಮಿತಿಗಳು ಮೂರು. ಮೊದಲನೆಯದು, ಆಳ. ಸರ್ಜನ್ ಎರಡು ಕಣ್ಣಿನಿಂದ ಮೈಕ್ರೋಸ್ಕೋಪಿನಲ್ಲಿ ನೋಡುವಾಗ ಆಳ ಗೊತ್ತಾಗುತ್ತದೆ. ಮೊಬೈಲ್ ಸ್ಕ್ರೀನಿನಲ್ಲಿ ಎಲ್ಲ ಚಪ್ಪಟೆ. ಎರಡನೆಯದು, ಸ್ಪರ್ಶ. ಎಷ್ಟು ಒತ್ತಬೇಕು, ಎಲ್ಲಿ ಕೈ ಹಗುರ ಮಾಡಬೇಕು ಅನ್ನೋದು ಸ್ಕ್ರೀನಿನಿಂದ ಬೆರಳಿಗೆ ಬರೋದಿಲ್ಲ. ಮೂರನೆಯದು, ಕತ್ತರಿ. ಹಾಕುವ ವಿಡಿಯೋಗಳಲ್ಲಿ ಬಹಳಷ್ಟು ಚೆನ್ನಾಗಿ ಮುಗಿದ ಆಪರೇಷನ್‌ಗಳು. ಎಡವಿದ ಜಾಗ ಕತ್ತರಿಸಿ, ಅರ್ಧ ಗಂಟೆಯದ್ದನ್ನು ಐದು ನಿಮಿಷ ಮಾಡಿರುತ್ತಾರೆ. ನೋಡಿದ ಹುಡುಗರಿಗೆ ಎಲ್ಲ ಸಲೀಸು ಅನ್ನಿಸುತ್ತದೆ. ಹಾಗಾಗಿ ಒಳ್ಳೆಯ ಮೇಷ್ಟ್ರು ತೊಡಕಾದ ಆಪರೇಷನ್‌ನ ವಿಡಿಯೋವನ್ನೇ ಹಾಕಿ, ನಡುವೆ ನಿಲ್ಲಿಸಿ, "ಈಗ ನೀನಾಗಿದ್ದರೆ ಏನು ಮಾಡ್ತಿದ್ದೆ?" ಅಂತ ಕೇಳುತ್ತಾರೆ.

ಅದಕ್ಕೇ ನೋಡುವುದು ಮತ್ತು ಮಾಡುವುದರ ನಡುವೆ ಮೆಟ್ಟಿಲುಗಳಿವೆ. ಆಪರೇಷನ್ ಕಲಿಯುವ ಪಿಜಿ ವಿದ್ಯಾರ್ಥಿಗಳು ಮಾಂಸದ ಅಂಗಡಿಯಿಂದ ತಂದ ಮೇಕೆ ಕಣ್ಣಿನ ಮೇಲೆ ಕೊಯ್ದು, ಹೊಲಿದು ಅಭ್ಯಾಸ ಮಾಡುತ್ತಾರೆ. ದೊಡ್ಡ ಸಂಸ್ಥೆಗಳಲ್ಲಿ ಸಿಮ್ಯುಲೇಟರ್ ಎಂಬ ಯಂತ್ರ ಇರುತ್ತದೆ. ಗೊಂಬೆ ತಲೆ, ಅದರಲ್ಲಿ ಯಂತ್ರದ ಕಣ್ಣು, ನೋಡಿದರೆ ನಿಜವಾದ ಆಪರೇಷನ್ ಹಾಗೇ ಕಾಣುವ ಚಿತ್ರ. ತಪ್ಪಿದರೆ ಅಂಕ ಕಡಿಮೆ ಆಗುತ್ತದೆ, ಯಾರ ಕಣ್ಣೂ ಹೋಗುವುದಿಲ್ಲ. ಆಮೇಲೆ ಹಿರಿಯರ ಪಕ್ಕ ನಿಂತು ನೋಡೋದು, ಕೈಜೋಡಿಸೋದು, ಕೊನೆಗೆ ಅವರ ಕಣ್ಗಾವಲಿನಲ್ಲಿ ಮಾಡೋದು.

ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಆಪರೇಷನ್ ಕಲಿಸೋದಿಲ್ಲ. 2019ರಿಂದ ಜಾರಿಯಾದ ಹೊಸ ಪಠ್ಯಕ್ರಮ ಅವರಿಗೆ ಬೇರೆ ಪಟ್ಟಿ ಕೊಟ್ಟಿದೆ. ದೃಷ್ಟಿ ಪರೀಕ್ಷೆ, ಕಣ್ಣು ತೊಳೆಯುವುದು, ಡ್ರಾಪ್ಸ್ ಹಾಕುವುದು, ಕಣ್ಣಿಗೆ ಪಟ್ಟಿ ಕಟ್ಟುವುದು, ಇವನ್ನು ಯಾರ ಸಹಾಯವೂ ಇಲ್ಲದೆ ಮಾಡಬೇಕು. ಕೇಳೋಕೆ ಸಣ್ಣ ಕೆಲಸ. ಆದರೆ ನಮಗೆ ಬೇಕಾದದ್ದು ಇದೇ.

ನಮ್ಮ ಏರಿಯಾಕ್ಕೆ ಇದು ಯಾಕೆ ಮುಖ್ಯ

ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್, ಆಚೆ ಪೀಣ್ಯ, ಎಲ್ಲ ಕಡೆ ಸಣ್ಣ ಸಣ್ಣ ವರ್ಕ್‌ಶಾಪ್‌ಗಳು. ಗ್ರೈಂಡಿಂಗ್ ಮಾಡುವಾಗ ಕಬ್ಬಿಣದ ಕಿಡಿ ಕಣ್ಣಿಗೆ ಸಿಡಿಯೋದು, ಕನ್ನಡಕ ಇಲ್ಲದೆ ವೆಲ್ಡಿಂಗ್ ನೋಡಿ ರಾತ್ರಿ ಕಣ್ಣು ಉರಿಯೋದು ಹೊಸದಲ್ಲ. ಜೊತೆಗಾರ ಕರ್ಚೀಫಿನ ತುದಿಯಿಂದಲೋ ಬೆಂಕಿಕಡ್ಡಿಯಿಂದಲೋ ಕಿಡಿ ತೆಗೆಯೋಕೆ ಹೋಗುತ್ತಾನೆ. ಕಾರ್ನಿಯಾಕ್ಕೆ ಗಾಯ ಆಗಿ, ಕೀವು ತುಂಬಿ, ಬಿಳಿ ಕಲೆ ಉಳಿದರೆ ನೋಟ ಅಷ್ಟಕ್ಕೇ ನಿಲ್ಲುತ್ತದೆ.

ಬೀಡಾ ಅಂಗಡಿಯ ಸುಣ್ಣ ಇನ್ನೊಂದು. ಸುಣ್ಣದ ಪ್ಯಾಕೆಟ್ ಒತ್ತಿ ಆಡುವಾಗ ಒಡೆದು ಮಗುವಿನ ಕಣ್ಣಿಗೆ ಹಾರಿದರೆ, ಮೊದಲ ಚಿಕಿತ್ಸೆ ನೀರು. ಆಸ್ಪತ್ರೆಗೆ ಓಡುವ ಮುಂಚೆಯೇ ನಲ್ಲಿಯ ಕೆಳಗೆ ಕಣ್ಣು ಬಿಡಿಸಿ ಹದಿನೈದು ಇಪ್ಪತ್ತು ನಿಮಿಷ ತೊಳೆಯಬೇಕು. ಕ್ಲಿನಿಕ್ಕಿನ ವೈದ್ಯರು ರೆಪ್ಪೆ ಮಡಚಿ, ಒಳಗೆ ಅಂಟಿದ ಸುಣ್ಣದ ಚೂರು ತೆಗೆದು ಮತ್ತೆ ತೊಳೆಯುತ್ತಾರೆ. ರೆಪ್ಪೆ ಮಡಚುವ ಈ ಕೆಲಸ ವಿಡಿಯೋದಲ್ಲಿ ಬಹಳ ಚೆನ್ನಾಗಿ ಕಲಿಯಬಹುದಾದದ್ದು. ಅಳುವ ಮಗುವಿನ ಮೇಲೆ ಮಾಡಿ ಅಭ್ಯಾಸವಾಗಬೇಕಾದದ್ದೂ ಹೌದು.

ಮೂರನೆಯದು ಕೆಂಪು ಕಣ್ಣು. 2023ರ ಮಳೆಗಾಲದಲ್ಲಿ ರಾಜ್ಯದ ತುಂಬ ಮದ್ರಾಸ್ ಐ ಹಬ್ಬಿತ್ತು. ಅದು ಕೆಲವು ದಿನ ಕಾಡಿ ತಾನೇ ಹೋಗುವಂಥದ್ದು. ಆದರೆ ಕೆಂಪಾದದ್ದೆಲ್ಲ ಮದ್ರಾಸ್ ಐ ಅಲ್ಲ. ಕಣ್ಣಿನ ಒತ್ತಡ ಏಕಾಏಕಿ ಏರುವ ಗ್ಲುಕೋಮಾದಲ್ಲೂ ಕಣ್ಣು ಕೆಂಪಾಗುತ್ತದೆ. ಜೊತೆಗೆ ವಿಪರೀತ ನೋವು, ಅದೇ ಬದಿಗೆ ತಲೆನೋವು, ವಾಂತಿ, ಬಲ್ಬ್ ಸುತ್ತ ಬಣ್ಣದ ಉಂಗುರ. ವಾಂತಿ ನೋಡಿ ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿ ಮಲಗಿದರೆ ಬೆಳಗಾಗುವಷ್ಟರಲ್ಲಿ ನರಕ್ಕೆ ಪೆಟ್ಟು ಬಿದ್ದಿರುತ್ತದೆ. ಇಂಥ ಕಣ್ಣಿಗೆ ಟಾರ್ಚ್ ಬಿಟ್ಟರೆ ಪಾಪೆ ಅರ್ಧ ಅಗಲಕ್ಕೆ ನಿಂತೇ ಇರುತ್ತದೆ, ಕುಗ್ಗುವುದಿಲ್ಲ. ಅದನ್ನು ವಿಡಿಯೋದಲ್ಲಿ ಒಮ್ಮೆ ಸರಿಯಾಗಿ ನೋಡಿದ ಯುವ ವೈದ್ಯರು, ಕ್ಲಿನಿಕ್ಕಿನ ಟಾರ್ಚ್ ಒಂದರಿಂದಲೇ ಗುರುತಿಸಿ, "ಈಗಲೇ ಕಣ್ಣಿನ ಆಸ್ಪತ್ರೆಗೆ ಹೊರಡಿ" ಅನ್ನಬಲ್ಲರು.

ಮೆಡಿಕಲ್ ಶಾಪ್‌ನವರಿಗೂ ಒಂದು ಮಾತು. "ಹೋದ ಸಲ ಕೊಟ್ಟಿದ್ರಲ್ಲ, ಅದೇ ಡ್ರಾಪ್ಸ್ ಕೊಡಿ" ಅಂತ ಗಿರಾಕಿ ಕೇಳಿದಾಗ ಅದರಲ್ಲಿ ಸ್ಟೀರಾಯ್ಡ್ ಇದೆಯಾ ನೋಡಿ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. ಕಾರ್ನಿಯಾದಲ್ಲಿ ಫಂಗಸ್ ಹುಣ್ಣು ಇದ್ದರೆ ಅದು ಉರಿಯುವ ಬೆಂಕಿಗೆ ಎಣ್ಣೆ ಹುಯ್ದಂತೆ. ಚೀಟಿ ಇಲ್ಲದೆ ಕೊಡಬೇಡಿ.

ನಿಮ್ಮ ಕಣ್ಣಿಗೆ ಕ್ಯಾಮೆರಾ ಬಂದರೆ

ಕಾಲೇಜು ಆಸ್ಪತ್ರೆಗೆ ಹೋದಾಗ ಸುತ್ತ ವಿದ್ಯಾರ್ಥಿಗಳು ನಿಲ್ಲೋದು ಮಾಮೂಲಿ. ವಿಡಿಯೋ ಮಾಡ್ತೀವಿ ಅಂದರೆ ಗಾಬರಿ ಬೇಡ. ಆಪರೇಷನ್ ವಿಡಿಯೋದಲ್ಲಿ ಮುಖಕ್ಕೆ ಹಸಿರು ಬಟ್ಟೆ ಮುಚ್ಚಿರುತ್ತದೆ, ಕಾಣೋದು ಕಣ್ಣು ಮಾತ್ರ. ಆದರೆ ಮೆಳ್ಳಗಣ್ಣು, ರೆಪ್ಪೆ ಜೋತು ಬೀಳುವುದು ಇಂಥ ಪರೀಕ್ಷೆಯಲ್ಲಿ ಮುಖವೂ ಬರಬಹುದು. ರೋಗಿ ಯಾರೆಂದು ಗುರುತಾಗುವಂಥ ಫೋಟೋವನ್ನು ಅವರ ಒಪ್ಪಿಗೆ ಇಲ್ಲದೆ ವೈದ್ಯರು ಪ್ರಕಟಿಸುವಂತಿಲ್ಲ ಅಂತ ವೈದ್ಯರ ನಡತೆಯ 2002ರ ನಿಯಮದಲ್ಲೇ ಇದೆ.

ಹಾಗಾಗಿ ಮೂರು ಪ್ರಶ್ನೆ ಕೇಳಿ. ಇದು ಕ್ಲಾಸಿಗಾ, ಇಂಟರ್ನೆಟ್‌ಗೂ ಹಾಕ್ತೀರಾ? ಮುಖ, ಹೆಸರು, ಓಪಿಡಿ ನಂಬರ್ ಕಾಣುತ್ತಾ? ಬೇಡ ಅಂದರೆ ಚಿಕಿತ್ಸೆಯಲ್ಲಿ ವ್ಯತ್ಯಾಸ ಆಗಲ್ಲ ತಾನೇ? ಕೇಳೋದಕ್ಕೆ ಸಂಕೋಚ ಬೇಡ, ಕಣ್ಣು ನಿಮ್ಮದು. ಮಕ್ಕಳ ವಿಡಿಯೋ ಆದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು.

ಒಪ್ಪುವುದಾದರೆ ಅದೂ ಒಂದು ಉಪಕಾರವೇ. ಸತ್ತ ಮೇಲೆ ಕಣ್ಣು ಕೊಡುವುದು ನಮ್ಮ ಕಡೆಯವರಿಗೆ ಡಾ. ರಾಜ್ ಕುಟುಂಬದಿಂದ ಚೆನ್ನಾಗಿ ಗೊತ್ತು. ಬದುಕಿದ್ದಾಗಲೇ ಎರಡು ನಿಮಿಷ ಕಣ್ಣು ತೋರಿಸಿದರೆ, ಆ ವಿಡಿಯೋ ನೋಡಿ ಕಲಿತವರು ಇನ್ಯಾರದೋ ಕೆಂಪು ಕಣ್ಣನ್ನು ಸರಿಯಾದ ಹೊತ್ತಿಗೆ ಗುರುತಿಸಬಹುದು. ವಿಡಿಯೋ ಮುಗಿದ ಮೇಲೆ, ಕಲಿಯುವ ಹುಡುಗ ಅಥವಾ ಹುಡುಗಿ ಟಾರ್ಚ್ ಹಿಡಿದು "ಒಂದು ಸಲ ನೋಡಲಾ?" ಅಂತ ಕೇಳಿದರೆ, ಆದಷ್ಟು ತೋರಿಸಿ. ಸ್ಕ್ರೀನಿನಲ್ಲಿ ಕಂಡದ್ದನ್ನು ಅವರು ಕೈಯಾರೆ ಕಲಿಯೋದು ಆಗಲೇ.